ಮಕ್ಕಳ ಅಪಸ್ಮಾರೌಷಧಗಳಿಂದಾಗುವ ಚಲನವಿಕಾರಗಳೂ ಕನ್ನಡದ ಮಾತುಗಳೂ

೧

ಶಬ್ದವಿಮರ್ಶೆಯೆಂದರೆ ಹಳೆಯ ಕಾವ್ಯಗಳ ಪಾಠಾಂತರಗಳನ್ನು ತೂಗಿನೋಡುವುದೆಂದೂ, ಶಾಸನದಲ್ಲಿ ಸವೆದುಹೋದ ಅಕ್ಷರವನ್ನು ಊಹಿಸುವುದೆಂದೂ ನಮ್ಮಲ್ಲಿ ಸಾಮಾನ್ಯವಾದ ತಿಳಿವಳಿಕೆಯಿದೆ. ಆ ಕಾರ್ಯದ ಹಿರಿಮೆಯನ್ನು ಈ ಲೇಖಕನು ಅಲ್ಲಗಳೆಯುವವನಲ್ಲ. ಅವನ ಆಯುಸ್ಸಿನ ಬಹುಭಾಗವು ಅದರಲ್ಲಿಯೇ ಕಳೆದಿದೆ. ಆದರೆ ಶಬ್ದವು ತಪ್ಪಿದಲ್ಲಿ ಕಾವ್ಯಕ್ಕೆ ರಸಭಂಗವಾಗುವಂತೆ ವೈದ್ಯಕ್ಕೆ ದೇಹಹಾನಿಯಾಗುವುದುಂಟು. ಇಂತಹ ಸ್ಥಳಗಳಲ್ಲಿಯೂ ವಿದ್ವಾಂಸರ ದೃಷ್ಟಿ ಬೀಳಬೇಕೆಂಬ ಆಶಯದಿಂದ ಪ್ರಕೃತ ಲೇಖನವನ್ನು ವಾಚಕರ ಮುಂದಿಡಲಾಗಿದೆ.

ಅಪಸ್ಮಾರದಿಂದ ಬಳಲುವ ಮಕ್ಕಳಿಗೆ ಕೊಡುವ ಔಷಧಗಳಿಂದ ಕೆಲವು ವೇಳೆ ಅವರ ನಡಿಗೆಯಲ್ಲಿಯೂ ಕೈಕಾಲುಗಳ ಚಲನೆಯಲ್ಲಿಯೂ ಕಣ್ಣುಗಳ ನಿಲವಿನಲ್ಲಿಯೂ ವಿಕಾರಗಳು ಹುಟ್ಟುತ್ತವೆ. ಈ ವಿಕಾರಗಳನ್ನು ಕನ್ನಡದ ಆರೋಗ್ಯಬರಹಗಳು ಯಾವ ಮಾತುಗಳಿಂದ ಹೇಳುತ್ತಿವೆ? ಹೇಳಬೇಕಾದುದನ್ನು ಆ ಮಾತುಗಳು ಹೇಳುತ್ತಿವೆಯೆ? ತುಮಕೂರು, ಗುಬ್ಬಿ, ಕುಣಿಗಲು ಸೀಮೆಯ ತಾಯಂದಿರ ಬಾಯಲ್ಲಿರುವ ಮಾತುಗಳಿಗೂ ಇವುಗಳಿಗೂ ಸಂಬಂಧವೇನು? ಇದಿಷ್ಟೇ ಇಲ್ಲಿನ ವಿಚಾರ. ಚಿಕಿತ್ಸೆಯ ವಿಷಯದಲ್ಲಿ ತೀರ್ಪು ಹೇಳುವ ಅಧಿಕಾರವು ವೈದ್ಯರದು. ಅದರಲ್ಲಿ ಕೈಹಾಕುವುದು ಲೇಖಕನ ಉದ್ದೇಶವಲ್ಲ. ಮಾತಿನ ವಿಷಯದಲ್ಲಿ ಮಾತ್ರ ನಾವು ಕೇಳುವವರನ್ನು ಕಾಯಿಸಬಾರದು.

ವಿಷಯವು ಅಲ್ಪಸಂಖ್ಯಾತರಿಗೆ ಸಂಬಂಧಪಟ್ಟದ್ದೆಂದು ಯಾರೂ ಭಾವಿಸಬೇಕಾಗಿಲ್ಲ. ಲೋಕದಲ್ಲಿ ಸುಮಾರು ೫ ಕೋಟಿ ಜನರಿಗೆ ಈ ವ್ಯಾಧಿಯಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಬೆಂಗಳೂರಿನ ನಗರ ಮತ್ತು ಗ್ರಾಮಪ್ರದೇಶಗಳಲ್ಲಿ ಒಂದು ಲಕ್ಷಕ್ಕೂ ಮಿಕ್ಕ ಜನರನ್ನು ಮನೆಮನೆಗೆ ಹೋಗಿ ವಿಚಾರಿಸಿದ ಸಮೀಕ್ಷೆಯೊಂದು ೨೦೦೪ರಲ್ಲಿ ಪ್ರಕಟವಾಯಿತು. ಅದರಂತೆ ನಗರದಲ್ಲಿ ಸಾವಿರಕ್ಕೆ ೫.೭ ಮಂದಿಗೂ ಹಳ್ಳಿಗಳಲ್ಲಿ ಸಾವಿರಕ್ಕೆ ೧೧.೯ ಮಂದಿಗೂ ಅಪಸ್ಮಾರವಿದ್ದಿತು. ಹಳ್ಳಿಯ ಪ್ರಮಾಣವು ನಗರದ ಇಮ್ಮಡಿ. ಅಂದಮೇಲೆ ಈ ರೋಗವನ್ನು ಕುರಿತ ಮಾತು ಹಳ್ಳಿಯ ಕನ್ನಡದಲ್ಲಿ ಸರಿಯಾಗಿ ನಿಲ್ಲಬೇಕಾದುದು ಅಗತ್ಯವಷ್ಟೆ.

೨

ಮೊದಲು ರೋಗದ ಹೆಸರನ್ನೇ ವಿವೇಚಿಸೋಣ. ಅಪಸ್ಮಾರವೆಂಬುದು ಚರಕ ಸುಶ್ರುತರು ಬಳಸಿದ ಪ್ರಾಚೀನ ಸಂಜ್ಞೆ. ಸ್ಮೃತಿಯು ಬಿಟ್ಟುಹೋಗುವುದರಿಂದ ಈ ಹೆಸರೆಂದು ಆಚಾರ್ಯರು ನಿರ್ವಚನಮಾಡಿದ್ದಾರೆ. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ನೋಡುವವರ ಕಣ್ಣಿಗೆ ಮೊದಲು ಬೀಳುವುದು ಕೈಕಾಲುಗಳ ಒದ್ದಾಟ, ಬಾಯಿಯ ನೊರೆ. ಆದರೂ ಆಚಾರ್ಯರು ಹೆಸರಿಟ್ಟದ್ದು ಒದ್ದಾಟದಿಂದಲ್ಲ, ಅರಿವು ತಪ್ಪುವುದರಿಂದ. ಕೈಕಾಲುಗಳ ವಿಕಾರಗಳನ್ನು ಅವರು ಬೇರೆಯಾಗಿ ವಾತವ್ಯಾಧಿಗಳ ಪ್ರಕರಣದಲ್ಲಿ ಆಕ್ಷೇಪಕ, ಅಪತಾನಕ, ವೇಪಥು ಮುಂತಾಗಿ ವಿಂಗಡಿಸಿದರು. ಅರಿವಿನ ಲೋಪವೊಂದು, ಅಂಗದ ವಿಕಾರವೊಂದು ಎಂಬ ಈ ವಿಭಾಗವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದರಿಂದ ಪ್ರಯೋಜನವಿದೆ.

ಇಂದಿನ ಕನ್ನಡದಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಮೂರ್ಛೆರೋಗವೆಂಬ ಮಾತು. ಶಾಸ್ತ್ರದಲ್ಲಿ ಮೂರ್ಛೆಯೇ ಬೇರೆ, ಅಪಸ್ಮಾರವೇ ಬೇರೆ. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಎರಡಕ್ಕೂ ಪ್ರತ್ಯೇಕ ಅಧ್ಯಾಯಗಳಿವೆ. ಬಿಸಿಲಿನಲ್ಲಿ ನಿಂತು ಕಣ್ಣುಕತ್ತಲೆ ಬಂದು ಬೀಳುವುದೂ ಮೂರ್ಛೆ. ರಕ್ತವನ್ನು ಕಂಡು ಬೀಳುವುದೂ ಮೂರ್ಛೆ. ಈ ಎರಡನ್ನೂ ಅಪಸ್ಮಾರವನ್ನೂ ಒಂದೇ ಹೆಸರಿನ ಚೀಲದಲ್ಲಿ ಹಾಕಿದ್ದು ಮೊದಲನೆಯ ಗೊಂದಲ. ಇದರ ಜೊತೆಗೆ ಫಿಟ್ಸು ಎಂಬ ಇಂಗ್ಲಿಷ್ ಮಾತು ಬಂದು ಹಳ್ಳಿಗಳಲ್ಲಿ ಪಿಡ್ಸು ಎಂದಾಗಿ ನೆಲೆಸಿದೆ. ಈ ತದ್ಭವವನ್ನು ಕಂಡು ಮೂಗುಮುರಿಯುವ ಪಂಡಿತರಿದ್ದಾರೆ. ಲೇಖಕನೂ ಹಿಂದೆ ಅವರಲ್ಲೊಬ್ಬನಾಗಿದ್ದನು. ಆದರೆ ಪಿಡ್ಸು ಬಂದಿತೆಂದಾಗ ಹಳ್ಳಿಯವರು ಒಂದು ಘಟನೆಯನ್ನು ಹೇಳುತ್ತಾರೆ: ಅದಕ್ಕೆ ಆದಿಯುಂಟು, ಅಂತ್ಯವುಂಟು. ರೋಗವನ್ನೂ ರೋಗದ ವೇಗವನ್ನೂ ಬೇರೆಮಾಡಿ ಹೇಳುವ ಸಾಮರ್ಥ್ಯವು ಆ ಮಾತಿಗೆ ಒದಗಿದೆ. ಮೂರ್ಛೆರೋಗವೆಂಬ ಸಮಾಸಕ್ಕೆ ಅದಿಲ್ಲ.

ಮಕ್ಕಳ ವಿಷಯದಲ್ಲಿ ಹೆಸರಿನ ಇತಿಹಾಸವು ಇನ್ನೂ ಹಿಂದಕ್ಕೆ ಹೋಗುತ್ತದೆ. ಉತ್ತರತಂತ್ರದಲ್ಲಿ ಹೇಳಿದ ಒಂಬತ್ತು ಬಾಲಗ್ರಹಗಳಲ್ಲಿ ಸ್ಕಂದಾಪಸ್ಮಾರವೆಂಬುದೊಂದು. ಕನ್ನಡದಲ್ಲಿ ಸುಮಾರು ೧೨೦೦ರಲ್ಲಿದ್ದ ದೇವೇಂದ್ರಮುನಿಯು ಬಾಲಗ್ರಹಚಿಕಿತ್ಸೆಯೆಂಬ ಗ್ರಂಥವನ್ನೇ ಬರೆದನು. ಗ್ರಹವೆಂಬ ಕಾರಣವನ್ನು ನಾವು ಇಂದು ಒಪ್ಪುವುದಿಲ್ಲ. ಆದರೆ ಮಗುವಿನ ರೋಗವು ದೊಡ್ಡವರ ರೋಗದ ಸಣ್ಣ ಪ್ರತಿಯಲ್ಲವೆಂದೂ, ಅದಕ್ಕೆ ಬೇರೆಯ ಹೆಸರುಗಳೂ ಬೇರೆಯ ಲಕ್ಷಣಗಳೂ ಬೇಕೆಂದೂ ಹಿಂದಿನವರು ಅರಿತಿದ್ದರೆಂಬುದು ಇದರಿಂದ ತಿಳಿದುಬರುತ್ತದೆ.

ಹೆಸರಿನ ಭಾರವು ಲೌಕಿಕವಾಗಿಯೂ ಕಡಮೆಯದಲ್ಲ. ಹಿಂದೂ ವಿವಾಹ ಕಾಯಿದೆಯು ಅಪಸ್ಮಾರವನ್ನು ಉನ್ಮಾದದ ಪಕ್ಕದಲ್ಲಿಟ್ಟು ವಿವಾಹಕ್ಕೆ ಬಾಧಕವೆಂದು ಎಣಿಸಿತ್ತು. ೧೯೯೯ರ ತಿದ್ದುಪಡಿಯಿಂದ ಆ ಮಾತನ್ನು ತೆಗೆದುಹಾಕಲಾಯಿತು. ಕಾಯಿದೆಯಿಂದ ಹೋದದ್ದು ಮನಸ್ಸಿನಿಂದ ಅಷ್ಟು ಬೇಗ ಹೋಗದು. ಹೆಣ್ಣುಮಗುವಿನ ತಾಯಿಯು ರೋಗದ ಹೆಸರನ್ನು ಬಾಯಿಬಿಟ್ಟು ಹೇಳಲು ಇಂದಿಗೂ ಅಂಜುತ್ತಾಳೆ. ಅಂಜುತ್ತ ಆಡಿದ ಅವಳ ನಾಲ್ಕು ಮಾತುಗಳನ್ನು ಕೇಳುವವರು ಕೆಡಿಸಬಾರದು.

೩

ಇನ್ನು ಔಷಧಗಳ ವಿಷಯ. ೧೮೫೭ರಲ್ಲಿ ಲೊಕಾಕ್ ಎಂಬ ಆಂಗ್ಲವೈದ್ಯನು ಪೊಟ್ಯಾಸಿಯಂ ಬ್ರೋಮೈಡಿನ ಉಪಯೋಗವನ್ನು ತಿಳಿಸಿದನು. ೧೯೧೨ರಲ್ಲಿ ಜರ್ಮನಿಯ ಹಾಪ್ಟ್‌ಮನ್ನನು ಫಿನೋಬಾರ್ಬಿಟೋನನ್ನೂ, ೧೯೩೮ರಲ್ಲಿ ಅಮೆರಿಕದ ಮೆರಿಟ್ ಮತ್ತು ಪಟ್ನಮ್ ಎಂಬವರು ಫೆನಿಟಾಯಿನನ್ನೂ ಬಳಕೆಗೆ ತಂದರು. ೧೯೬೦ರ ದಶಕದಲ್ಲಿ ಕಾರ್ಬಮೆಜಪೀನೂ, ೧೯೬೭ರಲ್ಲಿ ಫ್ರಾನ್ಸಿನಲ್ಲಿ ಸೋಡಿಯಂ ವ್ಯಾಲ್ಪ್ರೊಯೇಟೂ ಬಂದವು. ಅನಂತರ ಬಂದವು ಹಲವಿವೆ. ಇವುಗಳಿಂದ ಆಗಿರುವ ಉಪಕಾರವು ಅಪಾರವಾದುದು. ಸರಿಯಾದ ಚಿಕಿತ್ಸೆ ದೊರೆತರೆ ರೋಗಿಗಳಲ್ಲಿ ನೂರಕ್ಕೆ ೭೦ ಮಂದಿಯವರೆಗೆ ವೇಗಗಳಿಲ್ಲದೆ ಬಾಳಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಭಿಪ್ರಾಯ. ಯಳಂದೂರಿನ ಹಳ್ಳಿಗಳಲ್ಲಿ ಡಾಕ್ಟರ್ ಕೆ. ಎಸ್. ಮಣಿ ಮತ್ತು ಅವರ ಸಹೋದ್ಯೋಗಿಗಳು ಫಿನೋಬಾರ್ಬಿಟೋನ್ ಮತ್ತು ಫೆನಿಟಾಯಿನ್ ಎಂಬ ಅಗ್ಗದ ಹಳೆಯ ಔಷಧಗಳಿಂದಲೇ ಚಿಕಿತ್ಸೆ ನಡೆಸಿ, ಅದರ ಫಲವನ್ನು ೨೦೦೧ರಲ್ಲಿ ಪ್ರಕಟಿಸಿದರು. ಆದುದರಿಂದ ಮುಂದೆ ಹೇಳುವ ಮಾತುಗಳನ್ನು ಔಷಧನಿಂದೆಯೆಂದು ಯಾರೂ ಗ್ರಹಿಸಬಾರದು.

ಈ ಔಷಧಗಳಿಂದ ಮಕ್ಕಳಲ್ಲಿ ಹುಟ್ಟಬಹುದಾದ ಚಲನವಿಕಾರಗಳು ಒಂದೇ ಬಗೆಯವಲ್ಲ. ವ್ಯಾಲ್ಪ್ರೊಯೇಟಿನಿಂದ ಬರುವುದು ಸಣ್ಣನೆಯ ನಡುಕ. ಕೈಚಾಚಿದಾಗ, ಲೋಟ ಹಿಡಿದಾಗ, ಅಕ್ಷರ ಬರೆಯುವಾಗ ಅದು ಎದ್ದುಕಾಣುತ್ತದೆ. ಅದೇ ಔಷಧದಿಂದ, ವಿರಳವಾಗಿ, ಅಂಗಗಳು ಬಿಗಿದು ನಡೆನುಡಿಗಳು ನಿಧಾನವಾಗುವುದೂ ಉಂಟು. ವೈದ್ಯರು ಔಷಧವನ್ನು ನಿಲ್ಲಿಸಿದ ಮೇಲೆ ಅದು ಸಾಮಾನ್ಯವಾಗಿ ಹಿಂದೆಸರಿಯುತ್ತದೆ. ಫೆನಿಟಾಯಿನ್ ಅಥವಾ ಕಾರ್ಬಮೆಜಪೀನ್ ದೇಹದಲ್ಲಿ ಹೆಚ್ಚಾದರೆ ಬರುವುದು ನಡುಕವಲ್ಲ, ತೂರಾಟ: ಕಾಲು ಅಗಲವಾಗಿಟ್ಟು ನಡೆಯುವುದು, ಗುರಿಯಿಟ್ಟ ಕೈ ಗುರಿತಪ್ಪುವುದು, ಕಣ್ಣುಗುಡ್ಡೆಗಳು ಅತ್ತಿತ್ತ ಹೊಯ್ದಾಡುವುದು. ಫೆನಿಟಾಯಿನಿನಿಂದ ಕೆಲವು ಮಕ್ಕಳಲ್ಲಿ, ವಿಶೇಷವಾಗಿ ಮೊದಲೇ ಮಿದುಳಿಗೆ ಪೆಟ್ಟಾಗಿರುವವರಲ್ಲಿ, ಕೈಕಾಲು ಮುಖಗಳು ತಾಳತಪ್ಪಿ ಕುಣಿಯತೊಡಗುವುದುಂಟು, ಇಲ್ಲವೆ ತಿರುಚಿಕೊಂಡು ನಿಲ್ಲುವುದುಂಟು. ಲ್ಯಾಮೋಟ್ರಿಜಿನ್ ಮತ್ತು ಕಾರ್ಬಮೆಜಪೀನುಗಳಿಂದ ಕಣ್ಣುಮಿಟುಕಿಸುವ, ಹೆಗಲು ಹಾರಿಸುವ ಚಾಳಿಯಂತಹ ಚಲನೆಗಳು ಕಂಡುಬಂದಿವೆ. ಹಸುಗೂಸುಗಳ ಒಂದು ಬಗೆಯ ಸೆಳವಿಗೆ ಕೊಡುವ ವಿಗಾಬಟ್ರಿನಿನಿಂದಲೂ ಚಲನವಿಕಾರಗಳು ವರದಿಯಾಗಿವೆ. ಕೊನೆಯದಾಗಿ, ತಟ್ಟನೆ ಬೆಚ್ಚಿದಂತೆ ಮೈ ಅದುರುವುದು. ಇದು ಔಷಧದಿಂದಲೂ ಆಗಬಹುದು, ರೋಗದ ವೇಗವೇ ಆಗಿರಲೂಬಹುದು. ಕೆಲವು ಬಗೆಯ ಅಪಸ್ಮಾರಗಳಲ್ಲಿ ಕಾರ್ಬಮೆಜಪೀನ್ ಮತ್ತು ಫೆನಿಟಾಯಿನುಗಳಿಂದ ಆ ಅದುರುವಿಕೆಯೇ ಹೆಚ್ಚುವುದು ವೈದ್ಯರಿಗೆ ಗೊತ್ತಿರುವ ಸಂಗತಿ.

ಇಲ್ಲಿ ಫೆನಿಟಾಯಿನಿನ ಒಂದು ಸ್ವಭಾವವನ್ನು ಹೇಳಬೇಕು. ಇತರ ಬಹುಪಾಲು ಔಷಧಗಳನ್ನು ಹೆಚ್ಚು ಕೊಟ್ಟಷ್ಟೂ ಯಕೃತ್ತು ಹೆಚ್ಚಾಗಿ ಕರಗಿಸುತ್ತದೆ. ಫೆನಿಟಾಯಿನಿನಲ್ಲಿ ಹಾಗಲ್ಲ, ಕರಗಿಸುವ ಶಕ್ತಿಗೆ ಒಂದು ಮಿತಿಯಿದೆ. ಮಿತಿಯ ಬಳಿಗೆ ಬಂದಮೇಲೆ ಮಾತ್ರೆಯನ್ನು ಸ್ವಲ್ಪವೇ ಏರಿಸಿದರೂ ರಕ್ತದಲ್ಲಿನ ಪ್ರಮಾಣವು ಬಹಳವಾಗಿ ಏರುವುದು. ಒಂದು ಮಿಲಿಲೀಟರು ರಕ್ತಸಾರದಲ್ಲಿ ೧೦ರಿಂದ ೨೦ ಮೈಕ್ರೋಗ್ರಾಮು ಸಾಮಾನ್ಯವಾಗಿ ಉಚಿತವಾದ ಪ್ರಮಾಣ. ೨೦ನ್ನು ಮೀರಿದರೆ ಕಣ್ಣಿನ ಹೊಯ್ದಾಟ, ೩೦ನ್ನು ಮೀರಿದರೆ ತೂರಾಟ, ೪೦ನ್ನು ಮೀರಿದರೆ ಮಂಕು ಕವಿಯುವುದು ಎಂಬುದು ಸ್ಥೂಲವಾದ ಕ್ರಮ. ತೀಕ್ಷ್ಣವಾದ ವಿಷವೂ ಯುಕ್ತಿಯಿಂದ ಔಷಧವಾಗುವುದೆಂದೂ, ಔಷಧವೂ ಅಯುಕ್ತಿಯಿಂದ ವಿಷವಾಗುವುದೆಂದೂ ಚರಕಾಚಾರ್ಯನು ಹೇಳಿದುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ದೊರೆಯಲಾರದು.

೪

ಮೇಲ್ಕಂಡ ವಿಕಾರಗಳನ್ನು ನಮ್ಮ ಪತ್ರಿಕೆಗಳ ಆರೋಗ್ಯಾಂಕಣಗಳೂ ಕರಪತ್ರಗಳೂ ಹೇಗೆ ಹೇಳುತ್ತವೆ? ಸಾಮಾನ್ಯವಾಗಿ ಮೂರು ಮಾತುಗಳಲ್ಲಿ ಮುಗಿಸುತ್ತವೆ: ನಿದ್ದೆ, ತಲೆಸುತ್ತು, ನಡುಕ. ತೂರಾಟವೂ ನಡುಕವೇ, ಕುಣಿತವೂ ನಡುಕವೇ, ಅದುರುವಿಕೆಯೂ ನಡುಕವೇ. ಸ್ವಲ್ಪ ಪಾಂಡಿತ್ಯದ ಕೈಯಾದರೆ ನಡುಕವನ್ನು ತೆಗೆದು ಕಂಪನವೆಂದು ಬರೆಯುವುದುಂಟು. ಮಾತು ಸಂಸ್ಕೃತವಾಯಿತು, ಅರ್ಥವು ಒಂದು ಕೂದಲೆಳೆಯಷ್ಟೂ ಮುಂದುವರಿಯಲಿಲ್ಲ.

ಇದರಿಂದ ಆಗುವ ಹಾನಿಯು ಎರಡು ತೆರನಾದುದು. ಔಷಧದಿಂದ ಬಂದ ವಿಕಾರವನ್ನು ರೋಗವೆಂದು ತಿಳಿದರೆ ಔಷಧವನ್ನು ಏರಿಸುವಂತಾಗುತ್ತದೆ. ರೋಗದ ವೇಗವನ್ನೇ ಔಷಧದ ವಿಕಾರವೆಂದು ತಿಳಿದರೆ ಮನೆಯವರು ಮಾತ್ರೆಯನ್ನು ಏಕಾಏಕಿ ನಿಲ್ಲಿಸುತ್ತಾರೆ. ಹಾಗೆ ನಿಲ್ಲಿಸಿದರೆ ವೇಗಗಳು ಬಿಡದೆ ಒಂದರ ಮೇಲೊಂದು ಬಂದು ಪ್ರಾಣಕ್ಕೇ ಅಪಾಯವಾಗಬಹುದು.

ಮೊದಲನೆಯ ಹಾನಿಗೆ ಈ ಲೇಖಕನೇ ಕಾರಣನಾದ ಒಂದು ಪ್ರಸಂಗವನ್ನು ಇಲ್ಲಿ ಮುಚ್ಚಿಡುವುದು ಸತ್ಯಕ್ಕೆ ಸಲ್ಲುವುದಿಲ್ಲ. ಕೆಲವು ವರ್ಷಗಳ ಹಿಂದೆ ಗುಬ್ಬಿಯ ಕಡೆಯ ಒಂದು ಹಳ್ಳಿಯಿಂದ ವೃದ್ಧೆಯೊಬ್ಬಳು ನಮ್ಮ ಮನೆಗೆ ಬಂದಳು. ಅವಳ ಎಂಟು ವರ್ಷದ ಮೊಮ್ಮಗಳಿಗೆ ಅಪಸ್ಮಾರವಿದ್ದು ಫೆನಿಟಾಯಿನ್ ಕೊಡುತ್ತಿದ್ದರು. ಮಗುವನ್ನು ಮರುದಿನ ಸೋದರಮಾವನೊಡನೆ ಆಸ್ಪತ್ರೆಗೆ ಕಳುಹಿಸಬೇಕಾಗಿತ್ತು. ಅವನು ಬೇರೆ ಊರಿನವನು, ಮಗುವಿನ ಸ್ಥಿತಿಯನ್ನು ಕಂಡವನಲ್ಲ. ಆದುದರಿಂದ ವೈದ್ಯರಿಗೆ ಒಂದು ಕಾಗದ ಬರೆದುಕೊಡಬೇಕೆಂದು ಕೇಳಿದಳು. ಅವಳು ಹೇಳಿದುದು ಹೀಗೆ:

"ಮಗಾ ಕುಡಿದೋರಂಗೆ ತೂರಾಡ್ತದೆ ಸ್ವಾಮಿ, ನಿಂತ್ರೆ ಜೋಲಿ ಹೊಡೀತದೆ. ಕಣ್ಣುಗುಡ್ಡೆ ಅತ್ಲಾಗಿಂದ ಇತ್ಲಾಗೆ ಓಡಾಡ್ತದೆ. ಪಿಡ್ಸಲ್ಲ ಇದು. ಗ್ಯಾನ ಐತೆ, ಕರುದ್ರೆ ಓ ಅಂತದೆ."

ಇಷ್ಟು ಮಾತನ್ನು ಕೇಳಿ ಲೇಖಕನು ಬರೆದ ವಾಕ್ಯವಾದರೋ: ಬಾಲಿಕೆಗೆ ದಿನವಿಡೀ ಅಂಗಕಂಪವೂ ಆಕ್ಷೇಪವೂ ನೇತ್ರವಿಕಾರವೂ ಇರುತ್ತವೆ. ಬರೆದಾಗ ವಾಕ್ಯವು ಗಂಭೀರವಾಗಿ ಕಂಡಿತು. ಆ ವೃದ್ಧೆಗೆ ಓದಿ ಹೇಳಿದಾಗ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾ ಹೇಳಿದ್ದೆಲ್ಲಾ ಬಂತಾ ಸ್ವಾಮಿ?" ಎಂದು ಕೇಳಿದಳು. ಎಲ್ಲವೂ ಬಂದಿದೆ ತಾಯಿ ಎಂದು ಉತ್ತರ ಕೊಟ್ಟಾಯಿತು.

ಎಲ್ಲವೂ ಬಂದಿರಲಿಲ್ಲ. ಸೆಳವುಗಳು ಹತೋಟಿಗೆ ಬಂದಿಲ್ಲವೆಂದೇ ಆ ಕಾಗದವನ್ನು ಓದಿದ ಯಾರಾದರೂ ತಿಳಿಯಬೇಕು. ವೈದ್ಯರೂ ಹಾಗೆಯೇ ತಿಳಿದರು. ಮಾತ್ರೆಯನ್ನು ಏರಿಸಿದರು. ಹತ್ತು ದಿನಗಳಲ್ಲಿ ಮಗುವಿಗೆ ಕುಳಿತುಕೊಳ್ಳುವುದೂ ಕಷ್ಟವಾಯಿತು, ವಾಂತಿ ಹಿಡಿಯಿತು, ಮಂಕು ಕವಿಯಿತು. ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದಕ್ಕೆ ಕರೆದೊಯ್ದಾಗ ವೃದ್ಧೆಯೇ ಜೊತೆಗೆ ಹೋಗಿ, ನಮಗೆ ಹೇಳಿದ ಮಾತುಗಳನ್ನೇ ಅಲ್ಲಿಯೂ ಹೇಳಿದಳು. ವೈದ್ಯರು ಕೂಡಲೇ ರಕ್ತದಲ್ಲಿನ ಔಷಧದ ಪ್ರಮಾಣವನ್ನು ಪರೀಕ್ಷಿಸಿ, ಮಾತ್ರೆಯನ್ನು ತಗ್ಗಿಸಿದರು. ಕೆಲವು ವಾರಗಳಲ್ಲಿ ಮಗು ನೇರವಾಗಿ ನಡೆಯಿತು. ಕಾಗದವನ್ನು ಓದಿದ ವೈದ್ಯರ ಮೇಲೆ ಲೇಖಕನು ದೋಷವನ್ನು ಹೊರಿಸುವುದಿಲ್ಲ. ಓದಿದುದನ್ನು ಅವರು ಸರಿಯಾಗಿಯೇ ಓದಿದರು.

ಈಗ ವಿಮರ್ಶೆಯ ಕಣ್ಣಿನಿಂದ ಎರಡು ಪಾಠಗಳನ್ನೂ ಹೋಲಿಸಿ ನೋಡೋಣ. ವೃದ್ಧೆಯ ಪಾಠದಲ್ಲಿ ಐದು ಅಂಶಗಳಿವೆ: ನಡೆಯುವಾಗ ತೂರಾಟ, ನಿಂತಾಗ ಸಮತೂಕ ತಪ್ಪುವುದು, ಕಣ್ಣುಗುಡ್ಡೆಗಳ ಹೊಯ್ದಾಟ, ಇದು ಹಿಂದೆ ಕಂಡ ವೇಗದಂತಲ್ಲವೆಂಬ ನಿಶ್ಚಯ, ಅರಿವು ಇದೆಯೆಂಬ ಸಾಕ್ಷ್ಯ. ಪಂಡಿತನ ಪಾಠದಲ್ಲಿ ಮೊದಲನೆಯ ಎರಡು ಕಂಪವಾದವು, ಮೂರನೆಯದು ವಿಕಾರವಾಯಿತು, ನಾಲ್ಕನೆಯದಕ್ಕೆ ವಿರುದ್ಧವಾಗಿ ಆಕ್ಷೇಪವು ಬಂದು ಕುಳಿತಿತು, ಐದನೆಯದು ಬಿಟ್ಟೇಹೋಯಿತು. ಅಪಸ್ಮಾರದ ನಿರ್ವಚನವನ್ನು ನೂರಾರು ವಿದ್ಯಾರ್ಥಿಗಳಿಗೆ ಪಾಠಹೇಳಿದವನು ಬಿಟ್ಟದ್ದು ಆ ನಿರ್ವಚನದ ಜೀವಾಳವನ್ನೇ. ಅಕ್ಷರ ಬಾರದ ವೃದ್ಧೆಯ ಗ್ಯಾನವೆಂಬ ಮಾತಿನಲ್ಲಿ ಆಚಾರ್ಯರ ಸ್ಮೃತಿಯಿದ್ದಿತು; ಲೇಖಕನ ಸಂಸ್ಕೃತದಲ್ಲಿ ಅದಿರಲಿಲ್ಲ.

ಅರಿವು ಉಳಿದಿದ್ದರೆ ಅದು ವೇಗವೇ ಅಲ್ಲವೆಂದು ಇದರಿಂದ ನಿಯಮಮಾಡುವಂತಿಲ್ಲವೆಂಬುದನ್ನೂ ಹೇಳಬೇಕು. ಅರಿವು ಇದ್ದಂತೆಯೇ ಒಂದು ಕೈಯೋ ಮುಖದ ಒಂದು ಪಾರ್ಶ್ವವೋ ಸೆಳೆಯುವ ವೇಗಗಳೂ ಉಂಟು. ನಿರ್ಣಯವು ವೈದ್ಯರದು. ಆದರೆ ನಿರ್ಣಯಕ್ಕೆ ಬೇಕಾದ ಸಾಕ್ಷ್ಯವು ಕೆಡದೆ ಅವರನ್ನು ಮುಟ್ಟಬೇಕು.

೫

ಹಾಗಾದರೆ ಸಂಸ್ಕೃತದಲ್ಲಿ ಸೂಕ್ಷ್ಮತೆಯಿಲ್ಲವೆ ಎಂದು ಕೇಳಬಹುದು. ಇದೆ, ನಾವು ಅದನ್ನು ಬಳಸುವುದಿಲ್ಲವಷ್ಟೆ. ಭರತನ ನಾಟ್ಯಶಾಸ್ತ್ರವನ್ನು ನೋಡಿದರೆ ಸಾಕು. ತಲೆಯೆಂಬ ಒಂದೇ ಅಂಗಕ್ಕೆ ಅಲ್ಲಿ ೧೩ ಚಲನೆಗಳನ್ನು ಹೇಳಿದೆ. ಮೇಲಕ್ಕೂ ಕೆಳಕ್ಕೂ ಮೆಲ್ಲನೆ ಆಡಿದರೆ ಆಕಂಪಿತ, ಬೇಗಬೇಗನೆ ಆಡಿದರೆ ಕಂಪಿತ. ಅಡ್ಡಲಾಗಿ ಮೆಲ್ಲನೆ ಆಡಿದರೆ ಧುತ, ಬೇಗನೆ ಆಡಿದರೆ ವಿಧುತ. ದಿಕ್ಕು ಯಾವುದು, ವೇಗ ಎಷ್ಟು ಎಂಬ ಎರಡು ಮಾನಗಳಿಂದ ನಾಲ್ಕು ಹೆಸರುಗಳು ಹುಟ್ಟಿದವು. ಇಂದಿನ ವೈದ್ಯರು ಮಗುವಿನ ಚಲನೆಯನ್ನು ಪರೀಕ್ಷಿಸುವಾಗ ಕೇಳುವುದೂ ಇವನ್ನೇ: ಯಾವ ಅಂಗ, ಯಾವ ದಿಕ್ಕು, ಎಷ್ಟು ವೇಗ, ತಾಳಬದ್ಧವೋ ತಾಳತಪ್ಪಿದ್ದೋ, ಸುಮ್ಮನಿರುವಾಗಲೋ ಕೆಲಸ ಮಾಡುವಾಗಲೋ. ವೈದ್ಯಶಾಸ್ತ್ರದಲ್ಲಿಯೂ ಕಲಾಯಖಂಜನೆಂಬವನ ಲಕ್ಷಣವನ್ನು ಹೇಳುವಾಗ, ಅವನು ನಡೆಯಲು ತೊಡಗಿದಾಗ ನಡುಗುವನೆಂದು ಸಂದರ್ಭವನ್ನು ಸೇರಿಸಿಯೇ ಹೇಳಿದ್ದಾರೆ. ನಡುಗುವನೆಂದಷ್ಟೇ ಹೇಳಿ ಸುಮ್ಮನಾಗಲಿಲ್ಲ.

ಗುಬ್ಬಿಯು ನಾಟಕದ ಊರು. ಅಲ್ಲಿ ೧೮೮೪ರಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಕಂಪನಿಯು ವೀರಣ್ಣನವರ ಕಾಲದಲ್ಲಿ ನಾಡಿನಲ್ಲೆಲ್ಲ ಹೆಸರಾಯಿತು. ರಂಗದ ಮೇಲೆ ಕುಡುಕನು ತೂರಾಡುವುದಕ್ಕೂ, ಹೆದರಿದವನು ನಡುಗುವುದಕ್ಕೂ, ಪೆಟ್ಟುತಿಂದವನು ಸೆಟೆದುಕೊಳ್ಳುವುದಕ್ಕೂ ಭೇದವನ್ನು ಕಾಣದ ಪ್ರೇಕ್ಷಕನು ಆ ಸೀಮೆಯಲ್ಲಿ ಇರಲಾರನು. ಭೇದವನ್ನು ಕಾಣುವ ಕಣ್ಣು ಜನರಿಗಿದೆ. ಹೇಳುವ ಮಾತೂ ಇದೆ. ಇಲ್ಲದಿರುವುದು ಆ ಮಾತನ್ನು ಬರೆವಣಿಗೆಗೆ ಸೇರಿಸಿಕೊಳ್ಳುವ ಮನಸ್ಸು.

ಕುಣಿತವೆಂಬ ಒಂದು ಮಾತನ್ನೇ ತೆಗೆದುಕೊಳ್ಳಬಹುದು. ತಾಳತಪ್ಪಿ ಕೈಕಾಲು ಆಡುವ ವಿಕಾರಕ್ಕೆ ಪಾಶ್ಚಾತ್ಯವೈದ್ಯದಲ್ಲಿ ಕೊರಿಯಾ ಎಂದು ಹೆಸರು. ಗ್ರೀಕರ ಭಾಷೆಯಲ್ಲಿ ಅದಕ್ಕೆ ನರ್ತನವೆಂದರ್ಥ. ಅದನ್ನು ಕನ್ನಡಿಸುವವರು ಹೊಸ ಸಮಾಸವನ್ನು ಕಟ್ಟಲು ಹೊರಡುತ್ತಾರೆ. ಕೈಕಾಲು ಕುಣೀತವೆ ಎಂದು ಕುಣಿಗಲಿನ ತಾಯಿಯು ಹೇಳಿದರೆ ಅದು ಗ್ರಾಮ್ಯವೆಂದು ತಳ್ಳುತ್ತಾರೆ. ಶಿವನು ಕುಣಿದ ಕಲ್ಲು ಇರುವುದರಿಂದ ಕುಣಿಗಲು ಎಂದು ಸ್ಥಳಪುರಾಣದವರು ಹೇಳುವುದುಂಟು. ನಿರುಕ್ತಿಯು ನಿಲ್ಲಲಿ ಬಿಡಲಿ, ಆ ಕುಣಿಯುವ ಶಿವನ ಪಾದದಡಿಯಲ್ಲಿ ಬಿದ್ದಿರುವವನ ಹೆಸರು ಅಪಸ್ಮಾರನೆಂಬುದು ಶಿಲ್ಪವ್ಯಾಸಂಗಿಗಳಿಗೆ ಗೊತ್ತಿದೆ. ಗ್ರೀಕರಿಗೆ ಸಲ್ಲುವ ಮಾತು ನಮ್ಮ ಹಳ್ಳಿಯವರಿಗೆ ಏಕೆ ಸಲ್ಲಬಾರದು?

೬

ಇನ್ನೊಂದು ಮಾತು ವಿಚಾರಾರ್ಹವಾದುದು. ಔಷಧದಿಂದ ಉದ್ದೇಶಿಸದೆ ಆಗುವ ಫಲಕ್ಕೆ ಕನ್ನಡದಲ್ಲಿ ಮೂರು ಹೆಸರುಗಳು ಓಡಾಡುತ್ತಿವೆ: ಅಡ್ಡಪರಿಣಾಮ, ದುಷ್ಪರಿಣಾಮ, ಪಾರ್ಶ್ವಪರಿಣಾಮ. ಮೊದಲನೆಯದರಲ್ಲಿ ಅಡ್ಡದಾರಿ, ಅಡ್ಡಗಾಲು, ಅಡ್ಡಿ ಮುಂತಾದವುಗಳ ಛಾಯೆಯಿದೆ. ಕೇಳಿದವರಿಗೆ ಔಷಧವೇ ದಾರಿತಪ್ಪಿತೆಂಬ ಭಾವನೆಯುಂಟಾಗಿ, ಅದನ್ನು ಬಿಟ್ಟುಬಿಡುವ ಬುದ್ಧಿ ಹುಟ್ಟುವುದು ಸಹಜ. ದುಷ್ಪರಿಣಾಮವಂತೂ ತೀರ್ಪನ್ನು ಮೊದಲೇ ಹೇಳಿಬಿಡುತ್ತದೆ. ಮೂರನೆಯದು ಎಲ್ಲಕ್ಕಿಂತ ಅಪಾಯಕರವಾದುದು. ನಮ್ಮ ಜನರಿಗೆ ಪಾರ್ಶ್ವವೆಂದರೆ ಪಾರ್ಶ್ವವಾಯು. ಮಾತ್ರೆಯಿಂದ ಮಗುವಿಗೆ ಪಾರ್ಶ್ವಪರಿಣಾಮ ಆಗಬಹುದೆಂದರೆ, ಕೈಕಾಲು ಬಿದ್ದುಹೋಗುವುದೆಂದು ತಿಳಿದು ತಾಯಿಯು ಮಾತ್ರೆಯನ್ನು ತಿಪ್ಪೆಗೆ ಎಸೆದರೆ ತಪ್ಪು ಅವಳದಲ್ಲ.

ಪ್ರಾಚೀನರು ಇಲ್ಲಿ ನಮಗಿಂತ ಜಾಗರೂಕರಾಗಿದ್ದರು. ರೋಗದ ಬೆನ್ನಲ್ಲಿ ಬರುವ ತೊಡಕನ್ನು ಉಪದ್ರವವೆಂದೂ, ಚಿಕಿತ್ಸೆಯ ದೆಸೆಯಿಂದ ಬರುವ ತೊಡಕನ್ನು ವ್ಯಾಪತ್ತೆಂದೂ ಕರೆದರು. ವಮನ ವಿರೇಚನಗಳ ವ್ಯಾಪತ್ತುಗಳಿಗೆ ಸಂಹಿತೆಗಳಲ್ಲಿ ಪ್ರತ್ಯೇಕವಾದ ಅಧ್ಯಾಯಗಳೇ ಇವೆ. ರೋಗದಿಂದ ಬಂದದ್ದೋ, ಮದ್ದಿನಿಂದ ಬಂದದ್ದೋ ಎಂಬ ಪ್ರಶ್ನೆಯನ್ನು ಹೆಸರಿನಲ್ಲಿಯೇ ಇಟ್ಟಿದ್ದರು. ಆ ಮಗುವಿನ ವಿಷಯದಲ್ಲಿ ಕೇಳಬೇಕಾಗಿದ್ದ ಪ್ರಶ್ನೆಯೂ ಇದೇ ಅಲ್ಲವೆ?

ಹಾಗೆಂದು ವ್ಯಾಪತ್ತೆಂಬ ಮಾತನ್ನು ಕರಪತ್ರಗಳಲ್ಲಿ ಹಾಕಬೇಕೆಂದು ಲೇಖಕನು ಸೂಚಿಸುವುದಿಲ್ಲ. ಅದನ್ನು ಓದಿದವರಿಗೆ ಆಪತ್ತಿನ ಭಯವಲ್ಲದೆ ಬೇರೇನೂ ತಿಳಿಯದು. ಶಾಸ್ತ್ರಗ್ರಂಥದಲ್ಲಿ ಅದು ಇರಲಿ. ಮನೆಗೆ ಹೋಗುವ ಕಾಗದದಲ್ಲಿ ಮಾತ್ರೆಯಿಂದ ಆಗಬಹುದಾದ ತೊಂದರೆ ಎಂದು ಬರೆದರೆ ಸಾಕು. ನಮಗೆ ಬೇಕಾದುದು ಪ್ರಾಚೀನರ ಪದವಲ್ಲ, ಅವರು ಮಾಡಿದ ಭೇದ.

೭

ಈ ವಿವೇಚನೆಯಿಂದ ಫಲಿಸುವ ಸೂಚನೆಗಳನ್ನು ಸಂಗ್ರಹವಾಗಿ ಹೇಳಬಹುದಾಗಿದೆ.

ಮೊದಲನೆಯದಾಗಿ, ಚಲನವಿಕಾರಗಳಿಗೆ ಜನರಾಡುವ ಕ್ರಿಯಾಪದಗಳನ್ನೇ ಬರೆವಣಿಗೆಯಲ್ಲಿ ನಿಲ್ಲಿಸಬೇಕು. ಸಣ್ಣನೆಯ ಎಡೆಬಿಡದ ಚಲನೆಗೆ ನಡುಗು, ತಟ್ಟನೆ ಒಮ್ಮೊಮ್ಮೆ ಆಗುವುದಕ್ಕೆ ಅದುರು, ಬೆಚ್ಚಿಬೀಳು, ನಡಿಗೆಯ ಸಮತೂಕ ತಪ್ಪುವುದಕ್ಕೆ ತೂರಾಡು, ಜೋಲಿಹೊಡೆ, ತಾಳತಪ್ಪಿದ ಆಟಕ್ಕೆ ಕುಣಿ, ಅಂಗವು ಹೊರಳಿ ನಿಲ್ಲುವುದಕ್ಕೆ ತಿರುಚಿಕೊಳ್ಳು, ಬಿಗಿತಕ್ಕೆ ಸೆಟೆದುಕೊಳ್ಳು, ಕಣ್ಣುಗುಡ್ಡೆಗಳಿಗೆ ಹೊಯ್ದಾಡು. ಇವುಗಳಲ್ಲಿ ಯಾವುದೂ ಹೊಸದಾಗಿ ಕಟ್ಟಿದ್ದಲ್ಲ, ಯಾವುದಕ್ಕೂ ನಿಘಂಟು ಬೇಡ.

ಎರಡನೆಯದಾಗಿ, ಕ್ರಿಯಾಪದದೊಡನೆ ಸಂದರ್ಭವನ್ನೂ ಹೇಳಿಸಬೇಕು: ಯಾವಾಗ, ಯಾವ ಅಂಗದಲ್ಲಿ, ಎಷ್ಟು ಹೊತ್ತು, ಕರೆದರೆ ಓಗೊಡುತ್ತದೆಯೆ, ಮಾತ್ರೆಯನ್ನು ಬದಲಿಸಿದ ಅಥವಾ ಏರಿಸಿದ ಮೇಲೆ ತೊಡಗಿತೆ. ಈ ಐದು ಪ್ರಶ್ನೆಗಳಿಗೆ ಉತ್ತರವಿದ್ದರೆ ಅಕ್ಷರ ಬಾರದವರ ಸಾಕ್ಷ್ಯವೂ ಶಾಸ್ತ್ರೀಯವಾಗುವುದು.

ಮೂರನೆಯದಾಗಿ, ಇಂತಹ ವಿಕಾರಗಳನ್ನು ವಿವರಿಸುವ ಪ್ರತಿಯೊಂದು ಬರಹದಲ್ಲಿಯೂ, ವೈದ್ಯರನ್ನು ಕೇಳದೆ ಮಾತ್ರೆಯನ್ನು ನಿಲ್ಲಿಸಬಾರದೆಂಬ ಮಾತು ಸೇರಿರಬೇಕು. ಈ ವಿಕಾರಗಳಲ್ಲಿ ಬಹುಪಾಲು ಪ್ರಮಾಣವನ್ನು ತಗ್ಗಿಸಿದರೆ ಅಥವಾ ಔಷಧವನ್ನು ಕ್ರಮವಾಗಿ ಬದಲಿಸಿದರೆ ಶಮನವಾಗತಕ್ಕವು. ಭಯವನ್ನು ಹೇಳಿ ಶಮನವನ್ನು ಹೇಳದ ಬರಹವು ಅರ್ಧಸತ್ಯವಾಗುವುದು.

ನಾಲ್ಕನೆಯದು ಅಧ್ಯಾಪಕರಿಗೆ ಸಂಬಂಧಪಟ್ಟದ್ದು. ಮಗುವಿನ ಅಕ್ಷರವು ಇದ್ದಕ್ಕಿದ್ದಂತೆ ಅಂಕುಡೊಂಕಾದುದನ್ನೂ, ಮೆಟ್ಟಿಲೇರುವಾಗ ಅದು ಗೋಡೆ ಹಿಡಿಯುವುದನ್ನೂ ಮೊದಲು ಕಾಣುವವರು ಶಾಲೆಯ ಉಪಾಧ್ಯಾಯರು. ಅದನ್ನು ಸೋಮಾರಿತನವೆಂದೋ ಚೇಷ್ಟೆಯೆಂದೋ ಗದರಿಸುವ ಮೊದಲು, ಮಗು ಯಾವುದಾದರೂ ಮಾತ್ರೆಯನ್ನು ತೆಗೆದುಕೊಳ್ಳುತ್ತಿದೆಯೆ ಎಂದು ಮನೆಯವರನ್ನು ಕೇಳಬೇಕು.

ಶಾಸ್ತ್ರವನ್ನು ಜನರ ಕನ್ನಡದಲ್ಲಿ ಹೇಳುವ ಪ್ರಯತ್ನವು ನಮ್ಮ ಸೀಮೆಗೆ ಹೊಸದಲ್ಲ. ತುಮಕೂರಿಗೆ ಸೇರಿದ ಬೆಳ್ಳಾವೆಯ ಹೆಸರನ್ನು ತಮ್ಮ ಹೆಸರಿನೊಡನೆ ಹೊತ್ತ ವೆಂಕಟನಾರಣಪ್ಪನವರು, ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ಸೇರಿ ೧೯೧೮ರಲ್ಲಿಯೇ ವಿಜ್ಞಾನವೆಂಬ ಮಾಸಪತ್ರಿಕೆಯನ್ನು ನಡೆಸಿದರು. ಪಂಪಭಾರತವನ್ನು ಸಂಪಾದಿಸಿದ ಕೈಯೇ ವಿಜ್ಞಾನವನ್ನೂ ಬರೆಯಿತೆಂಬುದು ಸಾಹಿತ್ಯಾಧ್ಯಾಪಕರು ಮರೆಯಬಾರದ ಸಂಗತಿ. ಗುಬ್ಬಿ ಕುಣಿಗಲು ತಾಲ್ಲೂಕುಗಳಲ್ಲಿ ಮೈಯ ಚಲನೆಗಳನ್ನು ಹೇಳುವ ಆಡುಮಾತುಗಳನ್ನು ಸಂಗ್ರಹಿಸುವ ಕೆಲಸವನ್ನು ವಿದ್ಯಾರ್ಥಿಗಳಿಂದ ಮಾಡಿಸಬಹುದು. ಅದನ್ನು ವೈದ್ಯರೊಡನೆ ಕುಳಿತು ಒಪ್ಪಮಾಡಬಹುದು. ಶಾಸನದ ಪಡಿಯಚ್ಚು ತೆಗೆಯುವಷ್ಟೇ ಶ್ರದ್ಧೆಯು ಇದಕ್ಕೂ ಬೇಕು.

ಆ ವೃದ್ಧೆಯು ಅನಂತರವೂ ಒಂದೆರಡು ಬಾರಿ ಕಾಗದ ಬರೆಸಲು ಬಂದಿದ್ದಾಳೆ. ಈಗ ಅವಳು ಹೇಳಿದಂತೆಯೇ, ಅವಳ ಮಾತುಗಳಲ್ಲಿಯೇ ಬರೆದು, ಓದಿ ಹೇಳಿ, ಒಪ್ಪಿಗೆಯಾದ ಮೇಲೆ ಕಾಗದವನ್ನು ಮಡಿಸುವುದು ಲೇಖಕನ ಪದ್ಧತಿಯಾಗಿದೆ. ಮೇಲೆ ಸೂಚಿಸಿದ ಪದಗಳಲ್ಲಿ ಕೊರತೆಯೇನಾದರೂ ಕಂಡರೆ, ತಮ್ಮ ತಮ್ಮ ಸೀಮೆಗಳಲ್ಲಿ ಇವಕ್ಕಿಂತ ಉಚಿತವಾದ ಮಾತುಗಳಿದ್ದರೆ, ವಿದ್ವಾಂಸರು ಈ ಪತ್ರಿಕೆಯ ಮೂಲಕವೇ ತಿಳಿಸಿ ತಿದ್ದಬೇಕೆಂದು ಪ್ರಾರ್ಥಿಸಲಾಗಿದೆ.